ಹುಣಸೆಬೀಜದಲ್ಲಿ ಕಲಿಸಿದ ಪಾಠ

ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು ಅವು. ಕೊಪ್ಪಳದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಅಣ್ಣನಿಗೂ ನನಗೂ ಒಂದೇ ಹಲಗೆಯ ಮೇಲೆ ಉರ್ದು ತಿದ್ದಿಸಿದ್ದ. ಆಮೇಲೆ ಅಣ್ಣ ಗುಲ್ಬರ್ಗದ ಕಾಲೇಜಿಗೆ ಹೋದ. ಹೆಣ್ಣುಹುಡುಗಿ ಎಂದು ನನ್ನನ್ನು ಪ್ರೈಮರಿ ಮುಗಿದ ಕೂಡಲೇ ಶಾಲೆ ಬಿಡಿಸಿದರು.

ನನಗೆ ಹದಿನಾಲ್ಕಾದ ಬೇಸಿಗೆಯಲ್ಲಿ, ರಜೆಗೆ ಬಂದ ಅಣ್ಣನಿಗೆ ಕಣ್ಣುಬೇನೆ ಹತ್ತಿತು. ವೈದ್ಯರು ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ, ತಿಂಗಳೊಪ್ಪತ್ತು ಪುಸ್ತಕ ಮುಟ್ಟಬೇಡ ಎಂದರು. ರಜೆ ಮುಗಿದರೆ ಪರೀಕ್ಷೆ. ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ನಾನು ಅವನ ಪುಸ್ತಕ ಓದಿ ಹೇಳತೊಡಗಿದೆ.

ರಸಾಯನಶಾಸ್ತ್ರವೂ ಉರ್ದುವಿನಲ್ಲೇ ಇತ್ತು. ಪರಮಾಣುವಿಗೆ ಜೌಹರ್, ಎಲೆಕ್ಟ್ರಾನಿಗೆ ಬರ್ಕಿಯಾ. ಮೊದಮೊದಲು ಅರ್ಥವಾಗದೆ ಬರೀ ಬಾಯಿಂದ ಓದಿದೆ. ನಾಲ್ಕೈದು ದಿನದಲ್ಲಿ ತಿಳಿಯತೊಡಗಿತು. ಸೋಡಿಯಂನ ಹೊರಸುತ್ತಿನಲ್ಲಿ ಒಂದೇ ಎಲೆಕ್ಟ್ರಾನು. ಕ್ಲೋರಿನ್ನಿಗೆ ಎಂಟು ತುಂಬಲು ಒಂದು ಕಡಿಮೆ. ಅದು ಕೊಡುತ್ತದೆ, ಇದು ತೆಗೆದುಕೊಳ್ಳುತ್ತದೆ. ಆಗ ಎರಡರಲ್ಲೂ ವಿರುದ್ಧ ವಿದ್ಯುತ್ತು ಹುಟ್ಟಿ, ಒಂದನ್ನೊಂದು ಸೆಳೆದು ಅಂಟಿಕೊಂಡರೆ ಉಪ್ಪು. ಅಡುಗೆಮನೆಗೆ ಹೋಗಿ ಉಪ್ಪಿನ ಹರಳೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ಅವ್ವ ಬೈದಳು.

ಅಣ್ಣ ಸಿಕ್ಕಿಹಾಕಿಕೊಂಡದ್ದು ಕಾರ್ಬನ್ನಿನಲ್ಲಿ. "ಅದರ ಹೊರಗ ನಾಕು ಅದಾವ. ಸೋಡಿಯಂನಂಗ ನಾಕೂ ಯಾಕ ಕೊಟ್ಟುಬಿಡಬಾರದು?" ಎಂದು ಕೇಳಿದ. ಪುಸ್ತಕದಲ್ಲಿ ಅದಕ್ಕೆ ಸರಿಯಾದ ಉತ್ತರವಿರಲಿಲ್ಲ. ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ರೊಟ್ಟಿ ಬಡಿದೆ. ಮೂರನೆಯ ದಿನ ನೆಲದ ಮೇಲೆ ಹುಣಸೆಬೀಜ ಹೂಡಿ, ಅವನ ಬೆರಳು ಹಿಡಿದು ಮುಟ್ಟಿಸಿದೆ.

"ಒಂದು ಕಳಕೊಳ್ಳೂದು ಸಲೀಸು ಅಣ್ಣಾ. ಒಂದೊಂದು ಹೋದಂಗ ಉಳಿದವು ಇನ್ನೂ ಬಿಗಿ ಆಗ್ತಾವ. ನಾಕು ಬಿಡಾಕ ಆಗಂಗಿಲ್ಲ, ಹೊರಗಿಂದ ನಾಕು ಎಳಕೊಳ್ಳಾಕೂ ಆಗಂಗಿಲ್ಲ. ಅದಕ್ಕ ಕೂಡಿ ಇಟ್ಟುಕೊಳ್ತಾವ. ಇಲ್ಲಿ ಮುಟ್ಟು. ಕಾರ್ಬನ್ನಿಂದೊಂದು, ಹೈಡ್ರೋಜನ್ನಿಂದೊಂದು. ಈ ಜೋಡಿ ಎರಡಕ್ಕೂ ಸೇರಿದ್ದು. ಹಿಂಗ ನಾಕೂ ಕಡೆ."

ಅವನು ಬೆರಳಾಡಿಸಿ ಎಣಿಸಿದ. ಎಂಟಾಯಿತು. "ತಿಳೀತು," ಎಂದ. ಅಂಥ ಸಂತೋಷ ನನಗೆ ಮತ್ತೆ ಸಿಕ್ಕಿಲ್ಲ.

ಕಣ್ಣಿನ ಬಟ್ಟೆ ಬಿಚ್ಚಿದ ವಾರದಲ್ಲಿ ಅವನ ಹಳೆಯ ಹೈಸ್ಕೂಲು ಮಾಸ್ತರರು ನೋಡಲು ಬಂದರು. ನಾನು ನೀರು ತರಲು ಒಳಗೆ ಹೋದೆ. ಹಾಗೇ ಬಿಟ್ಟಿದ್ದ ಬೀಜಗಳನ್ನು ಕಂಡು ಅವರು, "ಇದನ್ನ ಯಾರು ಹೂಡಿದ್ರು?" ಎಂದು ಕೇಳಿದ್ದು ಕೇಳಿಸಿತು.

"ನಾನರಿ," ಎಂದ ಅಣ್ಣ.

"ಭಾಳ ಛಲೋ ಐತಿ." ಮಾಸ್ತರರು ಪಕ್ಕದಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದರು. "ಪುಸ್ತಕ ಓದಿ ಹೇಳಾಕಿ ನಿಮ್ಮ ಮಗಳಂತಲ್ಲ, ಆಕಿಗೂ ಇದು ತಿಳೀತೈತೇನ್ರಿ? ತಿಳೀತಿದ್ರ ಹೇಳ್ರಿ, ಹೈದರಾಬಾದಿನ ಹೆಣ್ಮಕ್ಕಳ ಸಾಲಿಗೆ ಚೀಟಿ ಬರದು ಕೊಡ್ತೇನಿ."

ಅಪ್ಪ ಅಣ್ಣನ ಮುಖ ನೋಡಿದ.

"ಇಲ್ಲರಿ," ಎಂದ ಅಣ್ಣ. "ಅಕ್ಷರ ಕೂಡಿಸಿ ಓದತಾಳ, ಅಷ್ಟ."

ನಾನು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಿರಿಯರ ಮುಂದೆ ಅಣ್ಣನನ್ನು ಸುಳ್ಳುಗಾರ ಎನ್ನುವ ಧೈರ್ಯ ಬರಲಿಲ್ಲ. ಅದಕ್ಕಾಗಿ ನನ್ನ ಮೇಲೂ ನನಗೆ ಸಿಟ್ಟಿದೆ.

ಅಣ್ಣ ಮೊದಲ ದರ್ಜೆಯಲ್ಲಿ ಪಾಸಾದ. ಆ ಚಳಿಗಾಲದಲ್ಲೇ ನನ್ನನ್ನು ಯಲಬುರ್ಗಾಕ್ಕೆ ಕೊಟ್ಟರು. ಗಂಡ ಕೆಟ್ಟವನಲ್ಲ. ಹತ್ತಿ ವ್ಯಾಪಾರ, ದೊಡ್ಡ ಮನೆ, ಒಂದೂ ಪುಸ್ತಕವಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ, ಆ ಹೊತ್ತಿಗೆ ತಾನೂ ಮಾಸ್ತರನಾಗಿದ್ದ ಅಣ್ಣ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬಂದ. ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟೆ: "ಅವತ್ತು ಮಾಸ್ತರ ಮುಂದ ಯಾಕ ಹಂಗಂದಿ?"

ಯಾವತ್ತು ಎಂದು ನೆನಪಾಗಲು ಅವನಿಗೆ ಹೊತ್ತು ಹಿಡಿಯಿತು.

"ಅವರು ನನ್ನ ಮ್ಯಾಲ ಭಾಳ ನಂಬಿಕಿ ಇಟ್ಟಿದ್ರು," ಎಂದ. ರೊಟ್ಟಿ ಮುರಿಯುತ್ತ, "ನೀ ಹೋಗಿ ಏನ್ ಮಾಡಾಕಿದ್ದಿ? ಇಲ್ಲಿ ನಿನಗೇನ್ ಕಡಿಮಿ ಆಗೇತಿ?"

ಆ ವರ್ಷ ನಾನು ತವರಿಗೆ ಹೋಗಲಿಲ್ಲ. ಮೈಯಲ್ಲಿ ಹುಷಾರಿಲ್ಲವೆಂದು ಅತ್ತೆಯ ಕೈಲಿ ಹೇಳಿಸಿದೆ. ಅಣ್ಣ ಒಬ್ಬನೇ ಮರಳಿದ. ಅವನು ತಂದಿದ್ದ ಸೀರೆಯನ್ನು ಮಡಿಕೆ ಬಿಚ್ಚದೆ ಕೆಲಸದವಳಿಗೆ ಕೊಟ್ಟೆ.