ಗುಂಡುಸೂಜಿ ಹುಡುಕುವ ಬೆರಳು

ಬೀದಿಯವರಿಗೆಲ್ಲ ಆಕೆ ಅಂಗಿಯಮ್ಮ. ಹೊಲಿಯುತ್ತಿದ್ದದ್ದು ಹಸುಗೂಸುಗಳ ಅಂಗಿ ಮಾತ್ರ. ದೊಡ್ಡವರು ಬಟ್ಟೆ ತಂದರೆ, ನಿಮ್ಮ ಹೊಟ್ಟೆ ಅಳೆಯುವಷ್ಟು ಉದ್ದದ ಟೇಪು ನನ್ನ ಹತ್ತಿರ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದಳು. ಮನೆಯ ಮುಂಗೋಣೆಯಲ್ಲಿ ಮೆಷಿನ್ನು, ಕಿಟಕಿಯ ಕೆಳಗೆ ಇಸ್ತ್ರಿ ಮೇಜು. ತಂಗಿ ಬಟ್ಟೆ ಕತ್ತರಿಸಿ ಗುಂಡುಸೂಜಿ ಚುಚ್ಚಿ ಕೊಡುವುದು, ಅಕ್ಕ ಹೊಲಿಯುವುದು.

ಬೇರೆ ದರ್ಜಿಗಳು ಗುಂಡುಸೂಜಿ ಎಣಿಸಿ ಡಬ್ಬಿಗೆ ಹಾಕುತ್ತಾರೆ. ಅಂಗಿಯಮ್ಮನಿಗೆ ಎಣಿಕೆಯ ಗೊಡವೆಯೇ ಇರಲಿಲ್ಲ. ಹೊಲಿದಾದ ಮೇಲೆ ಅಂಗಿಯನ್ನು ಒಳಮಗ್ಗುಲು ತಿರುವಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದೇ ಹೊಲಿಗೆಯನ್ನು ಹಾಯಿಸುತ್ತಿದ್ದಳು. ಕಣ್ಣು ಎಲ್ಲೋ, ಮಾತು ಇನ್ನೆಲ್ಲೋ. ಮಡಿಕೆಯೊಳಗೆ ಸೂಜಿ ಉಳಿದಿದ್ದರೆ ಬೆರಳಿಗೆ ಸಿಕ್ಕೇ ಸಿಗುತ್ತಿತ್ತು. ಅವಳ ಅಂಗಿಗಳನ್ನು ಮಾರುವ ಅಂಗಡಿಯವನು ಆ ಬೆರಳನ್ನು ನಂಬಿ ಬಟ್ಟೆಯ ಗಂಟನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದ. ಹೆತ್ತವರು ಅಂಗಡಿಯವನನ್ನು ನಂಬುತ್ತಿದ್ದರು.

ಆ ಬೆರಳುಗಳೇ ಜೋಮು ಹಿಡಿಯತೊಡಗಿದವು. ಬೆಳಿಗ್ಗೆ ಎದ್ದರೆ ಬಲಗೈ ಯಾರದೋ ಕೈಯಂತೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಕೊಡವಿ ಕೊಡವಿ ಅದನ್ನು ತನ್ನದು ಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆ ಬಹಳ ವರ್ಷದ್ದು, ಹಾಗಾಗಿ ಕಾರಣ ಹುಡುಕಲು ಯಾರೂ ದೂರ ಹೋಗಲಿಲ್ಲ. ಪಕ್ಕದ ಮನೆಯವಳು ಸಕ್ಕರೆ ಎಂದಳು. ಅಳಿಯ ಸಕ್ಕರೆ ಎಂದ. ಔಷಧಿ ಅಂಗಡಿಯವನಂತೂ ತಲೆಯೆತ್ತದೆಯೇ ಸಕ್ಕರೆ ಎಂದ. ಈ ಸಕ್ಕರೆಯೂ ಮನೆಗೆ ಹೊಸದಾಗಿ ಬಂದ ಸೊಸೆಯ ಹಾಗೆ, ಏನು ಒಡೆದರೂ ಅವಳ ತಲೆಗೇ.

ಅಂಗಿಯಮ್ಮ ಹಟಕ್ಕೆ ಬಿದ್ದಳು. ಸಿಹಿ ಬಿಟ್ಟಳು, ಊಟ ಕಡಿಮೆ ಮಾಡಿದಳು, ದಿನಾ ಬೀದಿ ಸುತ್ತಿದಳು. ರಕ್ತದ ಸಕ್ಕರೆ ಇಳಿಯಿತು, ಕೈ ಮಾತ್ರ ಕೇಳಲಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲಿ ತಗ್ಗು ಬಿತ್ತು. ಚಹಾದ ಲೋಟ ಜಾರಿತು. ಡಾಕ್ಟರಿಗೆ ತೋರಿಸೋಣ ಎಂದು ತಂಗಿ ಅಂದಾಗಲೆಲ್ಲ, ಸಕ್ಕರೆ ಇಳಿದಿದೆಯಲ್ಲ, ಕೈಯೂ ದಾರಿಗೆ ಬರುತ್ತದೆ ಎಂಬ ಒಂದೇ ಉತ್ತರ. ಬೆರಳು ಹಾಯಿಸುವ ಕೆಲಸವನ್ನು ತಂಗಿಗೆ ಬಿಟ್ಟುಕೊಡಲೂ ಇಲ್ಲ. ಜಂಬವಲ್ಲ, ಅದು ಭಯ. ಬೆರಳಿಗೆ ತಿಳಿಯುತ್ತಿಲ್ಲ ಎಂದು ಒಪ್ಪಿಕೊಂಡರೆ ತಾನು ಇನ್ನು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಅಂಗಡಿಗೆ ಒಂದು ಗಂಟು ಹೋಗಿತ್ತು. ಮಧ್ಯಾಹ್ನ ಬಿಳಿ ಅಂಗಿಯೊಂದಕ್ಕೆ ಬೆರಳು ಹಾಯಿಸುತ್ತ ಅಂಗಿಯಮ್ಮ ಪಕ್ಕದ ಮನೆಯವಳ ಹೊಸ ಕನ್ನಡಕದ ಕಥೆ ಹೇಳಿ ತಂಗಿಯನ್ನು ನಗಿಸುತ್ತಿದ್ದಳು. ತಂಗಿಯ ನಗು ಇದ್ದಕ್ಕಿದ್ದಂತೆ ನಿಂತಿತು. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು. ಅಕ್ಕನ ತೋರುಬೆರಳಿನಲ್ಲಿ ಗುಂಡುಸೂಜಿ ಅರ್ಧಕ್ಕೆ ಇಳಿದು ನಿಂತಿತ್ತು, ಅಕ್ಕ ಇನ್ನೂ ಕನ್ನಡಕದ ವಿಷಯ ಹೇಳುತ್ತಲೇ ಇದ್ದಳು.

“ಅಕ್ಕಾ, ಬೆರಳು ನೋಡ್ಕೋ,” ಎಂದಳು ತಂಗಿ ಮೆಲ್ಲಗೆ.

ನೋಡಿಕೊಂಡಳು. ಒಂದಿಷ್ಟೂ ನೋವಿರಲಿಲ್ಲ. ಆಮೇಲೆ ಬೆಳಿಗ್ಗೆ ಹೋದ ಗಂಟು ನೆನಪಾಯಿತು.

ಇಬ್ಬರೂ ಅಂಗಡಿಗೆ ಓಡಿದರು. ತಂಗಿ ಅಂಗಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಳಗು ಹೊರಗು ಮಾಡಿ, ಹಿಂಡಿ ಹಿಂಡಿ ನೋಡಿದಳು. ಒಂದರ ಕುತ್ತಿಗೆಪಟ್ಟಿಯೊಳಗೆ ಸೂಜಿ ಸಿಕ್ಕಿತು. ಅಂಗಡಿಯವನು ಅಂಗಿಗಳ ಲೆಕ್ಕ ಹಾಕಿದ. ಒಂದು ಅಂಗಿ ಆಗಲೇ ಮಾರಿಹೋಗಿದೆ ಎಂದ. ಕೊಂಡವನು ಗುರುತಿನವನಲ್ಲ, ಹೊಸದಾಗಿ ಅಪ್ಪನಾದವನಿರಬೇಕು, ಸುಮ್ಮಸುಮ್ಮನೆ ನಗುತ್ತ ಅವಸರದಲ್ಲಿ ಹೋಗಿಬಿಟ್ಟ. ಆ ಅಂಗಿಯನ್ನು ಕೂಸಿಗೆ ತೊಡಿಸದೆ ವಾಪಸು ತನ್ನಿ ಎಂದು ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದರು. ಅದನ್ನು ಓದಿ ಯಾರೂ ಬರಲಿಲ್ಲ.

ಈ ಸಲ ತಂಗಿ ಅಕ್ಕನನ್ನು ಬಿಡದೆ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರಮ್ಮ ಸಕ್ಕರೆಯ ಪುರಾಣವನ್ನು ಅರ್ಧಕ್ಕೇ ತಡೆದು, ಕಿರುಬೆರಳಿಗೂ ಜೋಮಿದೆಯೇ ಎಂದು ಕೇಳಿದರು. ಇರಲಿಲ್ಲ. ಕೈಗೆ ತಂತಿ ಅಂಟಿಸಿ ಪರೀಕ್ಷಿಸಿ, ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಅದುಮಿಹೋಗಿದೆ ಎಂದರು. ಸಕ್ಕರೆ ಇರುವವರಿಗೆ ಇದು ಹೆಚ್ಚಾಗಿ ಬರುತ್ತದೆ, ಆದರೆ ಇಷ್ಟು ಮುಂದುವರಿದ ಮೇಲೆ ಬರೀ ಸಕ್ಕರೆ ಇಳಿಸಿದರೆ ಸಾಲದು, ಸಣ್ಣದೊಂದು ಆಪರೇಷನ್ ಬೇಕು. ಮೊದಲೇ ಬರಬಾರದಿತ್ತೇ ಎಂದು ಗದರಿದರು. ತಗ್ಗು ಬಿದ್ದ ಜಾಗ ಮತ್ತೆ ತುಂಬುತ್ತದೆ ಎಂಬ ಭರವಸೆಯನ್ನೇನೂ ಕೊಡಲಿಲ್ಲ.

ಆಪರೇಷನ್ ಆಗಿ ತಿಂಗಳುಗಳು ಕಳೆದವು. ಬೆರಳಿಗೆ ಅಷ್ಟಿಷ್ಟು ಸ್ಪರ್ಶ ತಿಳಿಯತೊಡಗಿದೆ. ಈಗ ಸೂಜಿ ಎಣಿಸಿಡುವುದು ತಂಗಿಯ ಕೆಲಸ. ಬೀದಿಯಲ್ಲಿ ಯಾವುದಾದರೂ ಕೂಸು ಅತ್ತರೆ ಅಂಗಿಯಮ್ಮನ ಮೆಷಿನ್ನು ನಿಂತುಬಿಡುತ್ತದೆ, ಅಳು ನಿಲ್ಲುವವರೆಗೂ ಅವಳು ಬಟ್ಟೆ ಮುಟ್ಟುವುದಿಲ್ಲ. ಮಾರಿಹೋದ ಅಂಗಿಯ ಕೂಸಿಗೆ ಏನಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಬಂದು ಜಗಳ ತೆಗೆಯುತ್ತಿರಲಿಲ್ಲವೇ ಎಂದು ಮೊನ್ನೆ ತಂಗಿ ಸಮಾಧಾನ ಹೇಳಿದಳು.

“ಯಾಕೆ ಬರ್ತಾರೆ?” ಎಂದಳು ಅಂಗಿಯಮ್ಮ. “ಕೂಸು ಅತ್ರೆ ಹಸಿವು ಅಂತಾರೆ, ಹೊಟ್ಟೆನೋವು ಅಂತಾರೆ. ಅಂಗಿ ಬಿಚ್ಚಿ ಯಾರು ನೋಡ್ತಾರೆ? ನಾನೂ ಸಕ್ಕರೆ ಅಂದ್ಕೊಂಡೇ ಕೂತಿರ್ಲಿಲ್ವಾ.”