ಕಮಾನು ಸೇತುವೆಯ ಮೇಲೆ ಸುತ್ತಿಗೆ ಸದ್ದು

ಮಕ್ಕಳೇ, ನಗುವುದಾದರೆ ಈಗಲೇ ನಕ್ಕುಬಿಡಿ. ಇದು ಯಾರೋ ಹೇಳಿದ ಕಥೆಯಲ್ಲ, ನನಗೇ ಆದದ್ದು. ಎದುರಿಗೆ ಕೂತು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಯಲಹಂಕ ದಾಟಿದ ಮೇಲೆ ಸಿಗುವ ಹಳೆಯ ಕಲ್ಲಿನ ರೈಲು ಸೇತುವೆಯ ಮುಂದೆ ಮೊನ್ನೆ ಫೋಟೋ ತೆಗೆಸಿಕೊಂಡು ಬಂದಿರಲ್ಲ, "ಹೆರಿಟೇಜ್ ಅಜ್ಜೀ" ಅಂತ? ಈಗ ರೈಲು ಪಕ್ಕದ ಕಾಂಕ್ರೀಟ್ ಸೇತುವೆ ಮೇಲೆ ಹೋಗುತ್ತದೆ. ಆಗೆಲ್ಲ ಆ ಏಳು ಕಮಾನುಗಳೇ ಭಾರ ಹೊರುತ್ತಿದ್ದವು. ಗಾರೆಯಲ್ಲಿ ಕೂರಿಸಿದ ಆ ಕಲ್ಲುಗಳ ಮೇಲೆ ಕೆತ್ತಿದವರ ಉಳಿ ಗುರುತು ಇನ್ನೂ ಇದೆ.

ನಿಮ್ಮ ತಾತ ಅಲ್ಲಿ ಹಳಿ ಕಾಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಮಳೆಗಾಲದ ರಾತ್ರಿ ಪ್ರತಿ ರೈಲಿಗೂ ಮುಂಚೆ ಸೇತುವೆಯ ಉದ್ದಕ್ಕೂ ನಡೆದು ಸುತ್ತಿಗೆಯಿಂದ ಹಳಿ ತಟ್ಟಬೇಕು. ಗಟ್ಟಿ ಹಳಿ ಟಣ್ ಎನ್ನುತ್ತದೆ. ಬಿರುಕಿದ್ದರೆ ದನಿ ಸತ್ತಿರುತ್ತದೆ... ಟಪ್. ಎಲ್ಲ ಸರಿಯಿದೆ ಎಂದು ನಾವು ಹೇಳಿದ ಮೇಲೆಯೇ ಸ್ಟೇಷನ್‌ನಿಂದ ರೈಲು ಬಿಡುತ್ತಿದ್ದರು.

ಆ ರಾತ್ರಿ ನನ್ನದು ಸತತ ಎರಡನೇ ಪಾಳಿ. ಬರಬೇಕಾದವನು ಬಂದಿರಲಿಲ್ಲ. ಊದಿದ ಕಾಲಿಗೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ಸೇತುವೆಯ ತುದಿಯ ತಗಡಿನ ಗೂಡಿನಲ್ಲಿ ಕೂತವಳು ಏಳಲಾರದೆ ಹೋದೆ. ಫೋನ್ ಬಡಿದುಕೊಂಡಿತು, ಸ್ಟೇಷನ್ ಮಾಸ್ಟರ್.

"ಏನಮ್ಮಾ, ನಿದ್ದೇನಾ? ಸುತ್ತು ಆಯ್ತಾ? ಪ್ಯಾಸೆಂಜರ್ ಬಿಡ್ಬೇಕು."

"ಆಯ್ತು ಸಾರ್. ಎಲ್ಲಾ ಸರಿ ಇದೆ."

ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಸುತ್ತಿಗೆ ಒಣಗಿಕೊಂಡು ಗೋಡೆಯ ಮೊಳೆಗೆ ತೂಗುತ್ತಿತ್ತು. ಕಣ್ಣು ಮುಚ್ಚಿದೆ.

ಆಗ ಕೇಳಿಸಿತು...

ಟಣ್... ಟಣ್... ಟಣ್...

ಸೇತುವೆಯ ಮೇಲೆ ಯಾರೋ ಹಳಿ ತಟ್ಟುತ್ತಾ ನಡೆಯುತ್ತಿದ್ದರು. ಅವಸರವಿಲ್ಲ. ಮಳೆಯ ವಾಸನೆಯ ನಡುವೆ ಸೀಮೆಎಣ್ಣೆ ದೀಪದ ಕಮಟು. ನಮಗೆಲ್ಲ ಟಾರ್ಚ್ ಕೊಟ್ಟು ಎಷ್ಟೋ ವರ್ಷವಾಗಿತ್ತು.

"ಯಾರ್ರೀ ಅದು?... ಬಾಷಣ್ಣಾ, ನೀವಾ?"

ಬಾಷಣ್ಣ ಹಳಿ ರಿಪೇರಿ ಮಾಡುವ ನಮ್ಮ ಗ್ಯಾಂಗಿನ ಮೇಸ್ತ್ರಿ.

ಟಣ್... ಟಣ್...

ಟಪ್.

ನಡಿಗೆ ನಿಂತಿತು. ಅದೇ ಜಾಗದಲ್ಲಿ ಮತ್ತೆ, ಟಪ್... ಟಪ್... ಕರೆಯುವ ಹಾಗೆ.

ಸೇತುವೆಯ ಆಚೆಯಿಂದ ರೈಲು ಕೂಗಿತು. ಕೆಂಪು ಟಾರ್ಚ್ ಒಂದನ್ನೇ ಹಿಡಿದು ಬರಿಗಾಲಲ್ಲಿ ಓಡಿದೆ. ಸೇತುವೆಯ ಮೇಲೆ ಯಾರೂ ಇರಲಿಲ್ಲ. ಮೂರನೇ ಕಮಾನಿನ ಮೇಲೆ ಹಳಿ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಅದನ್ನು ದಾಟಿ ದೀಪ ಬೀಸುತ್ತಾ ಓಡಿದೆ. ಕಿರುಗುಟ್ಟುತ್ತಾ ಬಂದ ರೈಲು ಸೇತುವೆಯ ಬಾಯಲ್ಲೇ ನಿಂತಿತು.

ಬಾಷಣ್ಣ ಬಂದು ಬಿರುಕು ನೋಡಿದರು. ನನ್ನ ಜೊತೆ ಗೂಡಿನವರೆಗೂ ನಡೆದು ಬಂದು ಮೆಲ್ಲಗೆ ಕೇಳಿದರು.

"ಅಕ್ಕಾ, ಫೋನಲ್ಲಿ ಸರಿ ಇದೆ ಅಂದ್ರಂತೆ? ಸುತ್ತು ಹೋಗಿದ್ರೋ ಇಲ್ವೋ? ನಿಜ ಹೇಳ್ಬಿಡಿ. ಕೆಲಸ ಹೋಗೋ ಮಾತು ಇದು."

ಮನೆಯಲ್ಲಿ ನಿಮ್ಮಪ್ಪ ಇನ್ನೂ ಓದುತ್ತಿದ್ದ.

"ಹೋಗಿದ್ದೆ ಅಣ್ಣಾ. ಅನುಮಾನ ಬಂದು ಇನ್ನೊಂದ್ಸಲನೂ ತಟ್ಟಿ ನೋಡ್ದೆ."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಹಿಂದಿನ ಗೋಡೆಯನ್ನು.

"ಹೂಂ ಬಿಡಿ. ಸುತ್ತಿಗೆ ಇನ್ನೂ ಒದ್ದೆಯಾಗೇ ಇದೆ."

ತಿರುಗಿದೆ. ಮೊಳೆಯಲ್ಲಿ ತೂಗುತ್ತಿದ್ದ ಸುತ್ತಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೂರು ಸೋರುತ್ತಿರಲಿಲ್ಲ. ಅವರು ಹೋದ ಮೇಲೆ ಮುಟ್ಟಿದೆ... ಹಿಡಿ ಬೆಚ್ಚಗಿತ್ತು.

ಶಾಲು ಹೊದಿಸಿ ಸನ್ಮಾನ ಮಾಡಿದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ನಿವೃತ್ತಿಯವರೆಗೂ ಒಂದು ಸುತ್ತನ್ನೂ ತಪ್ಪಿಸಲಿಲ್ಲ. ಜ್ವರವಿದ್ದರೂ ಹೋದೆ, ಕಾಲೆಳೆದುಕೊಂಡು ಹೋದೆ. ಎಷ್ಟು ನಿಷ್ಠೆ ಎಂದರು ಜನ. ನಿಷ್ಠೆಯಲ್ಲ ಮಕ್ಕಳೇ. ನಾನು ಏಳದಿದ್ದರೆ ನನ್ನ ಕಣ್ಣೆದುರೇ ಇನ್ನೊಂದು ಕೈ ಆ ಮೊಳೆಯಿಂದ ಸುತ್ತಿಗೆ ತೆಗೆಯುತ್ತದೆಂಬ ಭಯ... ಅದು ಯಾರ ಕೈ ಎಂದು ನೋಡುವ ಧೈರ್ಯ ನನಗಿರಲಿಲ್ಲ. ಈಗಲೂ ಇಲ್ಲ.