ನಗಣ್ಯ ಎಂದು ಬಿಟ್ಟ ಮೇಲ್ಮೈ

ಅದು 2019, ಹೈಟೆಕ್ ಸಿಟಿಗೆ ಮೆಟ್ರೋ ಬಂದ ವರ್ಷ. ನಾನು ಮಾದಾಪುರದ ಒಂದು ಸಂಶೋಧನಾ ಕೇಂದ್ರದಲ್ಲಿ ಸೆನ್ಸರ್ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು.

ನಾವು ಮಾಡುತ್ತಿದ್ದದ್ದು ಕೂದಲಿಗಿಂತ ನೂರಾರು ಪಟ್ಟು ಸಣ್ಣ ಪಿಜೊಎಲೆಕ್ಟ್ರಿಕ್ ಕೊಳವೆ, ಅಂದರೆ ಬಾಗಿದರೆ ವಿದ್ಯುತ್ ಹೊಮ್ಮಿಸುವ ವಸ್ತುವಿನದು. ಒಳಗೆ ದ್ರವ ಹರಿದಾಗ ಕೊಳವೆಯ ಕಂಪನ ಬದಲಾಗುತ್ತದೆ. ಅದನ್ನು ಅಳೆಯುವುದೇ ಸೆನ್ಸರಿನ ಕೆಲಸ. ಹರಿವು ಒಂದು ಮಿತಿ ದಾಟಿದರೆ ಕೊಳವೆ ಸೊಟ್ಟಗಾಗಿ ಕೆಡುತ್ತದೆ. ಆ ಮಿತಿಯನ್ನು ಲೆಕ್ಕ ಹಾಕಿದವನು ನಾನು. ದೊಡ್ಡ ಪೈಪಿನ ಸೂತ್ರವನ್ನೇ ಹಚ್ಚಿ, ಗೋಡೆಯ ಹೊರಪದರ ಬೇರೆಯಾಗಿ ವರ್ತಿಸುವುದನ್ನು ಲೆಕ್ಕಕ್ಕೆ ಹಿಡಿಯದೆ, 'ಮೇಲ್ಮೈ ಪರಿಣಾಮ ನಗಣ್ಯ' ಎಂದು ಬರೆದುಬಿಟ್ಟೆ.

ರಾಯಚೂರಿನ ಸುನಂದಾ ನನ್ನ ಕೈಕೆಳಗಿನ ಗುತ್ತಿಗೆ ಸಹಾಯಕಿ. ತೆಲುಗಿನವರೇ ಹೆಚ್ಚಿದ್ದ ಇಡೀ ವಿಭಾಗದಲ್ಲಿ ಕನ್ನಡದವರು ನಾವಿಬ್ಬರೇ. ಒಂದು ಮಧ್ಯಾಹ್ನ ಚಹಾ ಹಿಡಿದು ನನ್ನ ಕೋಣೆಗೆ ಬಂದಳು.

"ಸರ್, ದ್ರವ ಬಿಡೂಕಿಂತ ಮೊದಲ ಕಂಪನ ಲೆಕ್ಕಕ್ಕಿಂತ ಕಡಿಮಿ ಬರಾಕತ್ತೈತ್ರಿ. ಇಷ್ಟು ತೆಳ್ಳನ ಗ್ವಾಡಿಗೆ ಮ್ಯಾಲಿನ ಪದರು ಬಿಟ್ರ ಉಳಿಯೂದರ ಏನೈತ್ರಿ?"

"ಮಷೀನಿಂದು ತಪ್ಪಿರಬೇಕು, ಬಿಡವಾ. ಯಾರಿಗೂ ಇಮೇಲ್ ಗೀಲ್ ಹಾಕಿಲ್ಲ ಹೌದಿಲ್ಲೋ?"

"ಇಲ್ರಿ. ನಮ್ಮವರು ನೀವು, ನಿಮ್ಮ ಮ್ಯಾಲೆ ಮೇಲ್ ಯಾಕ ಹಾಕ್ಲಿ?"

ನನಗೆ ಸಮಾಧಾನವಾಯಿತು. ವರದಿಯಲ್ಲಿ 'ತಯಾರಿಸಿದವರು' ಎಂಬ ಕಡೆ ಗುತ್ತಿಗೆಯವರ ಸಹಿ ಹಾಕಿಸುವುದು ನಮ್ಮಲ್ಲಿಯ ರೂಢಿ. ಆಕೆಯೂ ಹಾಕಿದಳು.

ಯೋಜನೆ ಒಪ್ಪಿಸಿದ ಕಂಪನಿಯವರ ಎದುರು ಪ್ರದರ್ಶನ ನಡೆಯಿತು. ನಾನು ಹೇಳಿದ ಮಿತಿಯ ಅರ್ಧದಷ್ಟು ಹರಿವಿಗೇ ಹನ್ನೆರಡು ಕೊಳವೆಗಳು ಒಂದರ ಹಿಂದೊಂದು ಕೈಕೊಟ್ಟವು. ಮರುವಾರ ವಿಚಾರಣೆ. ವರದಿಯಲ್ಲಿದ್ದ ಸಹಿ ನೋಡಿ ಸುನಂದಾಳನ್ನೂ ಕರೆಸಿದರು.

"ಮೊದಲೇ ಯಾರಾದರೂ ಆಕ್ಷೇಪ ಎತ್ತಿದ್ದರೇ?" ನಿರ್ದೇಶಕರು ಇಂಗ್ಲಿಷಿನಲ್ಲಿ ಕೇಳಿದರು.

"ಸರ್‌ಗೆ ಹೇಳಿದ್ದೆ," ಎಂದು ಸುನಂದಾ ನನ್ನತ್ತ ನೋಡಿದಳು.

"ದಾಖಲೆಯಲ್ಲಿ ಏನೂ ಇಲ್ಲ," ಎಂದೆ ನಾನು.

ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಹೇಸಿಗೆ ಅನಿಸುತ್ತಿರಲಿಲ್ಲವೇನೋ. ತಿಂಗಳೊಳಗೆ ಆಕೆಯ ಗುತ್ತಿಗೆ ರದ್ದಾಯಿತು. ಹೋಗುವ ದಿನ ಐಡಿ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, "ಇನ್ನ ಮುಂದ ಮೇಲ್ ಹಾಕ್ತೀನ್ರಿ ಸರ್," ಎಂದಳು.

ಆಮೇಲೆ ಮೇಲ್ಮೈ ಪದರದ ಒತ್ತಡವನ್ನೂ ಸೇರಿಸಿ ಲೆಕ್ಕ ಮಾಡಿದೆ. ಎಲ್ಲವೂ ತಾಳೆಯಾಯಿತು. ಅದನ್ನು ಪ್ರಬಂಧವಾಗಿ ಪ್ರಕಟಿಸಿದೆ; ಅದರ ಮೇಲೆ ನನ್ನ ಹೆಸರೊಂದೇ ಇದೆ.

ಈಗ ಕಿರಿಯ ಎಂಜಿನಿಯರುಗಳಿಗೆ ಅನುಭವ ಹೇಳಲು ಕರೆಯುತ್ತಾರೆ. ನಾನು ಹೇಳುವುದು ಇಷ್ಟೇ: ತಪ್ಪು ಕಂಡರೆ ಬರೆದು ಕೊಡಿ. ಮೇಲಿನವರು ನಿಮ್ಮ ಊರ ಕಡೆಯವರಾದರೆ ಮೊದಲು ಬರೆದು ಕೊಡಿ, ಆಮೇಲೆ ಚಹಾ ಕುಡಿಯಿರಿ.